ಕೋಳಿಮರಿಯ ಬಾಯಿಗೆ ಮೊದಲ ತಿಂಡಿ

ಭಟ್ಕಳ, ಹೊನ್ನಾವರ, ಕುಮಟಾ ಅಂದ ಕೂಡಲೇ ನಮ್ಮ ಆಫೀಸಿನವರಿಗೆ ಮುರ್ಡೇಶ್ವರದ ಶಿವ, ಶರಾವತಿಯ ಬೋಟಿಂಗ್, ಗೋಕರ್ಣದ ಬೀಚ್ ನೆನಪಾಗುತ್ತೆ. ನಾನು ಈ ಸಲ ಮೂರೂ ತಾಲ್ಲೂಕು ಸುತ್ತಿ ನೋಡಿಕೊಂಡು ಬಂದಿದ್ದು ಕೋಳಿಮರಿಗಳು ಏನು ತಿನ್ನುತ್ತವೆ ಅನ್ನೋದನ್ನ. ನಗಬೇಡಿ, ಕಾರಣ ಇದೆ.

ಹೊನ್ನಾವರ ದಾಟಿದರೆ ಸಿಗುವ ಕರ್ಕಿಯಲ್ಲಿ ನನ್ನ ಸೋದರತ್ತೆ ಮನೆ. ಹೋದ ವರ್ಷ ಅವರು ತಂದಿದ್ದ 20 ಮರಿಗಳಲ್ಲಿ ಉಳಿದದ್ದು ಒಂಬತ್ತೇ. ಮೊಟ್ಟೆ ಮಾರಿದ ದುಡ್ಡೇ ಅತ್ತೆಯ ಕೈಖರ್ಚು. ಔಷಧಿಯಿಂದ ಫೋನ್ ರೀಚಾರ್ಜ್‌ವರೆಗೆ ಅದಕ್ಕಾಗಿ ಯಾರ ಮುಂದೆಯೂ ಕೈ ಚಾಚುವವರಲ್ಲ. ಈ ವರ್ಷ ಮತ್ತೆ 20 ಮರಿ ತಂದು ಫೋನ್ ಮಾಡಿದ್ರು: "ತಮಾ, ನೀನು ಇಂಜಿನಿಯರ್ ಅಲ್ವಾ, ಒಂದ್ಸಲ ಬಂದು ನೋಡು ಮಾರಾಯಾ." ಕೋಡ್ ಬರೆಯೋನಿಗೂ ಕೋಳಿಗೂ ಏನು ಸಂಬಂಧ ಅಂತ ಕೇಳೋ ಧೈರ್ಯ ನನಗೆ ಇರಲಿಲ್ಲ.

ಭಟ್ಕಳ: ತಾಯಿಯೇ ಮೇಷ್ಟ್ರು

ಸಂಜೆ ಬೆಂಗಳೂರಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಮಲಗಿದ್ರೆ ಬೆಳಗಾಗುವ ಹೊತ್ತಿಗೆ ಭಟ್ಕಳ. ಮೊದಲು ಶಿರಾಲಿ ಕಡೆಯ ಗೆಳೆಯನ ಮನೆಗೆ ಹೋದೆ. ಅಲ್ಲಿ ನಾಟಿ ಕೋಳಿ ತಾನೇ ಕಾವು ಕೂತು ಮರಿ ಮಾಡಿತ್ತು.

ತೆಂಗಿನ ಬುಡದಲ್ಲಿ ತರಗೆಲೆ ಕೆದರಿ, ಒಂದು ಹುಳ ಕಚ್ಚಿ, ಕೆಳಗೆ ಬಿಟ್ಟು, ಮತ್ತೆ ಕಚ್ಚಿ, "ಕೊಕ್ ಕೊಕ್" ಅಂತ ಸಣ್ಣ ದನಿಯಲ್ಲಿ ಕರೆಯುತ್ತೆ. ಮರಿಗಳು ಓಡಿ ಬರುತ್ತವೆ. ದೊಡ್ಡ ತುಂಡಾದರೆ ತಾನೇ ಕುಕ್ಕಿ ಚೂರು ಮಾಡುತ್ತೆ. ಇದು ಬರೀ ಮಮತೆ ಅಲ್ಲ, ಪಾಠ. ಬ್ರಿಟನ್ನಿನ ಸಂಶೋಧಕರಾದ ನಿಕೋಲ್ ಮತ್ತು ಪೋಪ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತೆ: ಮರಿಗಳು ತಪ್ಪು ಆಹಾರ ತಿನ್ನುತ್ತಿವೆ ಅಂತ ಕಂಡರೆ ತಾಯಿ ಕೋಳಿ ಕುಕ್ಕುವುದನ್ನೂ ಕೆದರುವುದನ್ನೂ ಹೆಚ್ಚು ಮಾಡಿ, ಸರಿಯಾದದ್ದರ ಕಡೆ ಅವುಗಳನ್ನ ಸೆಳೆಯುತ್ತೆ.

ಗೆಳೆಯನ ಅಮ್ಮ ಮರಿಗಳಿಗೆ ಅಂತ ಹಾಕೋದು ಅಕ್ಕಿ ನುಚ್ಚು, ನೀರು, ಆಗಾಗ ಒಂದು ಹಿಡಿ ಒರಲೆ, ಅಂದ್ರೆ ಗೆದ್ದಲು ಹುಳ. "ಮೊದಲ ಎರಡು ದಿನ ಹೆಚ್ಚು ತಿನ್ನೂದಿಲ್ಲ, ಹೆದರಬೇಡ" ಅಂದ್ರು. ಅದೂ ನಿಜವೇ. ಮೊಟ್ಟೆ ಒಡೆಯುವ ಮುಂಚೆ ಉಳಿದ ಹಳದಿ ಮರಿಯ ಹೊಟ್ಟೆಯೊಳಗೇ ಸೇರಿಕೊಳ್ಳುತ್ತೆ. ಎರಡು ಮೂರು ದಿನ ಅದರ ಬಲವೇ ಸಾಕು. ಒಂದು ದಿನದ ಮರಿಗಳನ್ನ ಬಾಕ್ಸಿನಲ್ಲಿ ದೂರದ ಊರಿಗೆ ಕಳಿಸೋಕೆ ಆಗೋದೂ ಅದರಿಂದಲೇ.

ಹೊನ್ನಾವರ: ತಾಯಿ ಇಲ್ಲದ ಬಾಕ್ಸ್

ಅತ್ತೆಯ ಮರಿಗಳು ಹಾಗೆ ಬಾಕ್ಸಿನಲ್ಲೇ ಬಂದವು. ಗಿರಿರಾಜ ತಳಿ, ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಿಲ ಸಾಕಣೆಗೆಂದೇ ಬೆಳೆಸಿದ್ದು. ಚುರುಕಾದ ಮರಿಗಳೇ, ಆದರೆ ಪಾಠ ಹೇಳೋಕೆ ತಾಯಿ ಇಲ್ಲ. ಯಾರು ಏನು ಎಸೆದರೂ ಕುಕ್ಕುತ್ತವೆ. ಹೋದ ವರ್ಷ ರಜೆಗೆ ಬಂದ ಮೊಮ್ಮಕ್ಕಳು ಮೊದಲ ವಾರದಲ್ಲೇ ಮಿಕ್ಸ್‌ಚರ್, ಬಿಸ್ಕತ್ತು, ಇಡೀ ಕಡಲೆ ಹಾಕಿದ್ರಂತೆ. ಪ್ರೀತಿಗೇ ಹಾಕಿದ್ದು, ಮಕ್ಕಳನ್ನ ಬೈದು ಪ್ರಯೋಜನ ಇಲ್ಲ. ಅಷ್ಟೂ ಮರಿ ಅದರಿಂದಲೇ ಹೋದವು ಅಂತಲೂ ಹೇಳೋಕಾಗಲ್ಲ. ಆದರೆ ಈ ಸಲ ನಾವು ತಪ್ಪಿಸಬಹುದಾಗಿದ್ದು ಅದೊಂದನ್ನೇ.

ಹಾಗಾಗಿ ಅಡುಗೆಮನೆ ಗೋಡೆ ಮೇಲೆ ಒಂದು ಚೀಟಿ ಅಂಟಿಸಿದ್ವಿ.

ಮೊದಲ ವಾರ: ಬಲ್ಬಿನ ಕೆಳಗೆ ಸುಮಾರು 35 ಡಿಗ್ರಿ ಬಿಸಿ, ಮರಿಗಳ ಫೀಡ್, ಶುದ್ಧ ನೀರು. ತಿಂಡಿ ಇಲ್ಲ. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಬಿಸಿ ಇಳಿಸೋದು.

ಎರಡನೇ ವಾರ: ಮೊದಲು ತೊಳೆದ ಹೊಳೆ ಮರಳು, ಆಮೇಲೆ ತಿಂಡಿ. ಕೋಳಿಗೆ ಹಲ್ಲಿಲ್ಲ, ಹೊಟ್ಟೆಯ ಗಟ್ಟಿ ಚೀಲದೊಳಗೆ ಸೇರಿದ ಮರಳುಕಲ್ಲೇ ಸೊಪ್ಪು, ಹುಳ, ಕಾಳನ್ನ ಅರೆಯೋದು. ಕಡಲ ಮರಳು ಬೇಡ, ಉಪ್ಪಿರುತ್ತೆ.

ಏನು ಕೊಡೋದು: ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಅಥವಾ ಹರಿವೆ, ಪುಡಿ ಮಾಡಿದ ಬೇಯಿಸಿದ ಮೊಟ್ಟೆ, ಗೆದ್ದಲು. ಒಂದು ದಿನಕ್ಕೆ ಒಂದೇ ಹೊಸದು. ಮರುದಿನ ಹಿಕ್ಕೆ ನೋಡಿ, ಸರಿ ಇದ್ದರೆ ಮಾತ್ರ ಮುಂದಿನದು.

ಎಷ್ಟು: ದಿನದ ಆಹಾರದಲ್ಲಿ ಹತ್ತನೇ ಒಂದು ಪಾಲು ಮೀರಬಾರದು. ನನ್ನ ಇಂಜಿನಿಯರಿಂಗ್ ಕೆಲಸಕ್ಕೆ ಬಂದಿದ್ದು ಇಲ್ಲಿ ಮಾತ್ರ! ಒಂದು ಮರಿ ದಿನಕ್ಕೆ ಸುಮಾರು 15 ಗ್ರಾಂ ತಿಂದರೆ 20 ಮರಿಗೆ 300 ಗ್ರಾಂ. ಅದರಲ್ಲಿ ತಿಂಡಿಯ ಪಾಲು 30 ಗ್ರಾಂ, ಅಂದ್ರೆ ಎಲ್ಲಾ ಸೇರಿ ಒಂದು ಸಣ್ಣ ಹಿಡಿ. ಅದಕ್ಕಿಂತ ಹೆಚ್ಚಾದರೆ ಮರಿ ಫೀಡ್ ಬಿಟ್ಟು ತಿಂಡಿಗೇ ಕಾಯುತ್ತೆ. ಬೆಳವಣಿಗೆಗೆ ಬೇಕಾದ ಪ್ರೊಟೀನ್ ತಪ್ಪಿಹೋಗುತ್ತೆ.

ಈಗ ಆರು ವಾರ ಆಯ್ತು. 20ರಲ್ಲಿ 18 ಓಡಾಡ್ತಿವೆ. ಒಂದನ್ನ ಗಿಡುಗ ಎತ್ತಿಕೊಂಡು ಹೋಯ್ತು, ಇನ್ನೊಂದು ಯಾಕೆ ಹೋಯ್ತೋ ತಿಳಿಯಲಿಲ್ಲ.

ಕುಮಟಾ: ಕಡಲು ಕೊಟ್ಟಿದ್ದೆಲ್ಲ ಮರಿಗಲ್ಲ

ಕರ್ಕಿಯಿಂದ ಬಸ್ಸು ಹತ್ತಿ ಕುಮಟಾಕ್ಕೆ ಹೋದೆ. ಕೋಳಿ ಸಾಕುವವರು ಕಡಲಿಂದ, ಹೊಳೆಯಿಂದ ಏನೇನು ತಂದು ಹಾಕ್ತಾರೆ ಅಂತ ನೋಡಬೇಕಿತ್ತು. ಇಲ್ಲಿನ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ, ಹೊಳೆಯ ಬೆಳಚು, ಎಲ್ಲ ಇದರ ಆಸುಪಾಸಿನದ್ದೇ. ಬೆಳಚಿನ ಚಿಪ್ಪು ಕುಟ್ಟಿ ಹಾಕಿದರೆ ಮೊಟ್ಟೆಯಿಡುವ ಕೋಳಿಗೆ ಒಳ್ಳೆಯ ಸುಣ್ಣದಂಶ. ಆದರೆ ಅದೇ ಪುಡಿ ಮರಿಗೆ ಕೊಟ್ಟರೆ ಸುಣ್ಣ ಹೆಚ್ಚಾಗಿ ಮೂತ್ರಪಿಂಡ ಕೆಡುತ್ತೆ. ತಾಯಿಗೂ ಮರಿಗೂ ಒಂದೇ ತಟ್ಟೆ ಆಗಲ್ಲ.

ಒಣಮೀನೂ ಹಾಗೇ. ಮೀನಿನಲ್ಲಿ ಪ್ರೊಟೀನ್ ಇದೆ, ಸರಿ. ಉಪ್ಪು ಹಾಕಿ ಒಣಗಿಸಿದ್ದು ಮಾತ್ರ ಮರಿಗೆ ವಿಷ. ನೀರು ಕುಡಿದೂ ಕುಡಿದೂ, ಭೇದಿಯಾಗಿ ಸಾಯುತ್ತವೆ.

ಮೂರನೆಯದು ಬೂಷ್ಟು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕಡೆ ಶೇಂಗಾ, ಕೊಬ್ಬರಿ ಹಿಂಡಿ, ಜೋಳಕ್ಕೆಲ್ಲ ಬೂಷ್ಟು ಹಿಡಿಯೋಕೆ ಎರಡು ದಿನ ಸಾಕು. "ನಮಗಂತೂ ಆಗಲ್ಲ, ಕೋಳಿಗೆ ಹಾಕು" ಅನ್ನೋದು ಎಲ್ಲ ಮನೆಯ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಅನ್ನೋ ವಿಷ ಪತ್ತೆಯಾಗಿದ್ದೂ ಆ ಸಾವುಗಳ ಬೆನ್ನು ಹತ್ತಿಯೇ. ಕುದಿಸಿದರೂ ಹೋಗದ ವಿಷ ಅದು. ನಮಗೆ ಬೇಡವಾಗಿದ್ದು ಮರಿಗೂ ಬೇಡ.

ರಜೆಗೆ ಊರಿಗೆ ಹೊರಟಿದ್ದರೆ, ಹಿತ್ತಿಲಲ್ಲಿ ಮರಿಗಳು ಕಾಲಿಗೆ ಸುತ್ತಿಕೊಂಡು "ಚಿಂವ್ ಚಿಂವ್" ಅಂದಾಗ ಬ್ಯಾಗಿನ ಬಿಸ್ಕತ್ತಿಗೆ ಕೈ ಹಾಕಬೇಡಿ. ಮನೆಯಲ್ಲಿರೋ ಹಿರಿಯರನ್ನ ಕೇಳಿ, ಎಷ್ಟು ದಿನದ ಮರಿ, ಮರಳು ತಿಂದಿವೆಯಾ ಅಂತ. ಆಮೇಲೆ ಎರಡು ಎಸಳು ನುಗ್ಗೆಸೊಪ್ಪು ಕಿತ್ತು, ಸಣ್ಣಗೆ ಚಿವುಟಿ, ಅಂಗೈಯಲ್ಲಿಟ್ಟು ಕೂತುಕೊಳ್ಳಿ. ಒಂದು ಧೈರ್ಯ ಮಾಡಿ ಬಂದು ಕುಕ್ಕಿದರೆ ಉಳಿದವೂ ಬರುತ್ತವೆ. ಮೊಬೈಲ್ ತೆಗೆಯೋಕೆ ಕೈ ಖಾಲಿ ಇರಲ್ಲ, ಅಷ್ಟೇ.