ಜಾಲತಾಣಕ್ಕೊಂದು ಮಳೆಗಾಲದ ಸಿದ್ಧತೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲಾದಿನಗಳ ಸವಿನೆನಪುಗಳನ್ನು ಬರೆಯಬಲ್ಲವರು ಅನೇಕರಿದ್ದಾರೆ. ಬೆಂಗಳೂರಿನಲ್ಲಿ ಕಂಪ್ಯೂಟರುಗಳ ಮೇಲ್ವಿಚಾರಣೆಯನ್ನೇ ವೃತ್ತಿಯಾಗಿಸಿಕೊಂಡ ನನಗೆ ಸಂಪಾದಕ ಮಂಡಳಿಯವರು ವಹಿಸಿದ ವಿಷಯ ಬೇರೆ. ಶಾಲೆಯ ಜಾಲತಾಣವನ್ನು ನಾವು ಹೇಗೆ ಕಾಪಾಡಿಕೊಂಡು ಬಂದಿದ್ದೇವೆ ಎಂಬುದನ್ನು ತಿಳಿಸಬೇಕಂತೆ. ಶುಷ್ಕ ವಿಷಯವೆಂದು ಪುಟ ಮಗುಚದಿರಿ. ನಿಮ್ಮ ಬಾಲ್ಯದ ಕೈಬರಹವೂ ಅದರೊಳಗೆ ಇದ್ದೀತು.

ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆ ವರ್ಷಕ್ಕೆ ಒಂದೇ ಪ್ರತಿ. ದುಂಡಗಿನ ಅಕ್ಷರದವರು ಬರೆದು, ಚಿತ್ರ ಬಲ್ಲವರು ಅಂಚು ತುಂಬಿ, ವಾರ್ಷಿಕೋತ್ಸವದ ದಿನ ಮೇಜಿನ ಮೇಲಿಡುತ್ತಿದ್ದರು. ಅನಂತರ ಅದು ಗ್ರಂಥಾಲಯದ ಮರದ ಕಪಾಟನ್ನು ಸೇರುತ್ತಿತ್ತು. ಕಾಸರಗೋಡಿನ ಮಳೆಯನ್ನೂ ಗೆದ್ದಲನ್ನೂ ಬಲ್ಲವರಿಗೆ ಮುಂದಿನ ಕತೆ ಹೇಳಬೇಕಾಗಿಲ್ಲ. ಅಳಿದುಳಿದ ಹನ್ನೊಂದು ಸಂಚಿಕೆಗಳನ್ನು 2015ರಲ್ಲಿ ಸ್ಕ್ಯಾನ್ ಮಾಡಿ ಜಾಲತಾಣದಲ್ಲಿರಿಸಿದೆವು. ಅವುಗಳಲ್ಲಿ ನಾಲ್ಕರ ಮೂಲಪ್ರತಿಗಳು ಇಂದು ಮುಟ್ಟಿದರೆ ಪುಡಿಯಾಗುತ್ತವೆ.

ಜಾಲತಾಣವೆಂದರೆ ಆಕಾಶದಲ್ಲಿ ನೆಲೆಸಿದ ವಸ್ತುವೆಂದು ಹಲವರ ಭಾವನೆ. ನಿಜವಾಗಿ ಅದು ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿರುವ ಕಂಪ್ಯೂಟರಿನೊಳಗೆ ಬಾಡಿಗೆಗೆ ಪಡೆದ ಜಾಗ. ಕಟ್ಟಡವೆಂದ ಮೇಲೆ ಬೆಂಕಿಯೂ ಬೀಳಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಇಂತಹ ಒಂದು ಕಟ್ಟಡ ಸುಟ್ಟುಹೋಯಿತು. ಪ್ರಾಣಹಾನಿಯಾಗಲಿಲ್ಲ, ಆದರೆ ಲಕ್ಷಗಟ್ಟಲೆ ಜಾಲತಾಣಗಳು ಕಣ್ಮರೆಯಾದವು. ನನ್ನ ಮನಸ್ಸನ್ನು ಹೆಚ್ಚು ಕಲಕಿದ ಸಂಗತಿ ಇನ್ನೊಂದು. ಬ್ಯಾಕಪ್ ಇದೆಯೆಂದು ನೆಮ್ಮದಿಯಿಂದಿದ್ದ ಕೆಲವು ಗ್ರಾಹಕರ ಆ ಪ್ರತಿಗಳೂ ಅಲ್ಲಿಯೇ ಇದ್ದು ಬೂದಿಯಾದವು. ಬೀಗಕ್ಕೆ ಎರಡು ಕೀಲಿಕೈ ಮಾಡಿಸಿ ಎರಡನ್ನೂ ಮನೆಯೊಳಗಿನ ಒಂದೇ ಮೊಳೆಗೆ ತೂಗಹಾಕಿದಂತಾಯಿತು.

ನಮ್ಮ ಹಿರಿಯರಿಗೆ ಈ ವಿವೇಕವಿತ್ತು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು ಪ್ರಸಿದ್ಧವೇ ಇದೆ. ನಮ್ಮ ಸೀಮೆಯ ಯಕ್ಷಗಾನ ಪ್ರಸಂಗಗಳೂ ಒಬ್ಬರ ಪ್ರತಿಯಿಂದ ಇನ್ನೊಬ್ಬರು ಬರೆದುಕೊಂಡು ಮನೆಮನೆಗಳಲ್ಲಿ ಉಳಿದಂಥವು. ನಾವೂ ಹಾಗೆಯೇ ಮಾಡಿದೆವು. ಜಾಲತಾಣದ ಒಂದು ಪೂರ್ಣ ಪ್ರತಿ ಮುಖ್ಯೋಪಾಧ್ಯಾಯರ ಕೋಣೆಯ ಉಕ್ಕಿನ ಕಪಾಟಿನಲ್ಲಿ ಹಾರ್ಡ್ ಡಿಸ್ಕಿನ ರೂಪದಲ್ಲಿದೆ. ಇನ್ನೊಂದು ಬೆಂಗಳೂರಿನ ನನ್ನ ಮನೆಯಲ್ಲಿ. ಪ್ರತಿವರ್ಷ ಮೇ ತಿಂಗಳಲ್ಲಿ, ಊರಿನವರು ಕಟ್ಟಿಗೆ ಒಟ್ಟಿ ಹಲಸಿನ ಹಪ್ಪಳ ಒಣಗಿಸುವ ವೇಳೆಗೆ, ಎರಡನ್ನೂ ಬೇರೆ ಕಂಪ್ಯೂಟರಿನಲ್ಲಿ ತೆರೆದು ಪುಟಗಳನ್ನು ಎಣಿಸುತ್ತೇವೆ. 2019ರಲ್ಲಿ ಹೀಗೆ ತೆರೆಯಹೊರಟಾಗ ಶಾಲೆಯ ಹಾರ್ಡ್ ಡಿಸ್ಕ್ ಉಸಿರೇ ಎತ್ತಲಿಲ್ಲ. ಇನ್ನೊಂದು ಪ್ರತಿಯಿಂದ ಹೊಸದನ್ನು ಸಿದ್ಧಪಡಿಸಿದೆವು.

ಹೆಸರಿನ ವಿಚಾರವನ್ನೂ ಹೇಳಬೇಕು. ಜಾಗ ಕೊಟ್ಟ ಸಂಸ್ಥೆಯಲ್ಲಿಯೇ ಜಾಲತಾಣದ ಹೆಸರನ್ನೂ ನೋಂದಾಯಿಸುವುದು ಸುಲಭ, ಅಗ್ಗವೂ ಹೌದು. ಆದರೆ ಆ ಸಂಸ್ಥೆ ಮುಗ್ಗರಿಸಿದ ದಿನ ಹೆಸರನ್ನು ಬೇರೆಡೆಗೆ ತಿರುಗಿಸುವ ದಾರಿಯೂ ಮುಚ್ಚಿಹೋಗಬಹುದು. ಆದ್ದರಿಂದ ಅವೆರಡನ್ನೂ ಬೇರೆ ಬೇರೆ ಕಡೆ ಇರಿಸಿದ್ದೇವೆ. ಹೆಸರನ್ನು ಹೊಸ ಸರ್ವರಿನ ಕಡೆಗೆ ತಿರುಗಿಸಿದ ಮೇಲೂ ಲೋಕದ ಕಂಪ್ಯೂಟರುಗಳು ಹಳೆಯ ವಿಳಾಸವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಆ ಅವಧಿಯನ್ನು ಗೊತ್ತುಪಡಿಸುವುದು ನಮ್ಮ ಕೈಯಲ್ಲಿದೆ: 86400 ಸೆಕೆಂಡು ಎಂದರೆ ಒಂದು ದಿನ, 300 ಎಂದರೆ ಐದು ನಿಮಿಷ. ಆಪತ್ತು ಬಂದ ಮೇಲೆ ಕಡಿಮೆ ಮಾಡಿದರೆ ಆ ಹೊತ್ತಿಗೆ ಉಪಯೋಗವಾಗದು.

ಇವೆಲ್ಲ ಅತಿಯಾಯಿತೆಂದು ಗೆಳೆಯರು ನಗುತ್ತಿದ್ದರು. 2023ರ ಆಟಿ ತಿಂಗಳಲ್ಲಿ ನಮಗೆ ಜಾಗ ಕೊಟ್ಟಿದ್ದ ಸಂಸ್ಥೆಯ ಸರ್ವರ್ ನಿಂತುಹೋಯಿತು. ಕೇಳಿದರೆ, ಪ್ರಯತ್ನ ನಡೆದಿದೆ ಎಂಬ ಒಂದೇ ಉತ್ತರ. ಅಂದು ರಾತ್ರಿ ಶಾರ್ಜಾದಿಂದ ನನಗಿಂತ ಮೂರು ವರ್ಷ ಹಿರಿಯರಾದ ಅಕ್ಕನೊಬ್ಬರ ಫೋನು ಬಂತು. ಅವರ ತಮ್ಮ ಚಿಕ್ಕ ಪ್ರಾಯದಲ್ಲಿಯೇ ತೀರಿಕೊಂಡವನು. ಏಳನೆಯ ತರಗತಿಯಲ್ಲಿದ್ದಾಗ ಅವನು ಪತ್ರಿಕೆಗೆ ಬರೆದ ಎರಡು ಪುಟಗಳಲ್ಲದೆ ಅವನ ಕೈಬರಹ ಬೇರೆಲ್ಲೂ ಉಳಿದಿಲ್ಲ. ಊರಿನಲ್ಲಿರುವ ಅವರ ತಾಯಿ ಭಾನುವಾರಗಳಂದು ಮೊಮ್ಮಗಳ ಮೊಬೈಲಿನಲ್ಲಿ ಅದನ್ನು ನೋಡುವುದುಂಟಂತೆ.

“ಅಮ್ಮ ಕೇಳ್ತಾ ಇದ್ದಾರೆ, ಅದು ಹೋಯಿತಾ?” ಎಂದರು.

“ಹೋಗಿಲ್ಲ ಅಕ್ಕ. ನಾಳೆ ಸಂಜೆಯೊಳಗೆ ಕಾಣಿಸ್ತದೆ” ಎಂದೆ.

ಅಷ್ಟು ಧೈರ್ಯದಿಂದ ಹೇಳಲು ಸಾಧ್ಯವಾದದ್ದು ಆ ಹಾರ್ಡ್ ಡಿಸ್ಕುಗಳಿಂದ. ಮರುದಿನ ಬೇರೊಂದು ಸಂಸ್ಥೆಯಲ್ಲಿ ಜಾಗ ಪಡೆದು, ಕಡತಗಳನ್ನು ಏರಿಸಿ, ಹೆಸರನ್ನು ತಿರುಗಿಸಿದೆ. ನಮ್ಮ ಪುಟಗಳು ಡೇಟಾಬೇಸಿನ ಗೊಡವೆಯಿಲ್ಲದ ಸರಳ ಪುಟಗಳಾದುದರಿಂದ ಮೂರು ಗಂಟೆ ಸಾಕಾಯಿತು. ಹಳೆಯ ಸಂಸ್ಥೆ ಎಚ್ಚೆತ್ತುದು ಐದನೆಯ ದಿನ. ಅವರ ಬಳಿ ಉಳಿದಿದ್ದುದು ನಮ್ಮ ಐದು ಸಂಚಿಕೆಗಳು ಮಾತ್ರ.

ಈ ನಡುವೆ ಸುದ್ದಿ ಮುಟ್ಟಿಸಿದ್ದು ಹಳೆ ವಿದ್ಯಾರ್ಥಿ ಸಂಘದ ಫೋನು ನಂಬರುಗಳ ಕಾಗದದ ಪಟ್ಟಿಯಿಂದ. 2017ರ ಫೆಬ್ರುವರಿ 28ರಂದು ಅಮೆಜಾನಿನ ಸಂಗ್ರಹವ್ಯವಸ್ಥೆ ಕೈಕೊಟ್ಟಾಗ ಅವರ ಸ್ಥಿತಿಸೂಚಕ ಫಲಕವೂ ಅದನ್ನೇ ಅವಲಂಬಿಸಿದ್ದರಿಂದ ಕೆಲಹೊತ್ತು ಬದಲಾಗದೆ ಉಳಿದಿತ್ತು. ಅಷ್ಟು ದೊಡ್ಡವರ ಗತಿಯೇ ಹೀಗಾದರೆ ನಮ್ಮ ಪಟ್ಟಿಯನ್ನು ಯಾರೂ ಹಳೆಕಾಲದ್ದೆನ್ನಬಾರದು. ಗುಪ್ತಪದಗಳ ಲಕೋಟೆಯೊಂದನ್ನು ಮೊಹರು ಮಾಡಿ ಮುಖ್ಯೋಪಾಧ್ಯಾಯರಿಗೂ ಒಪ್ಪಿಸಿದ್ದೇವೆ. ನನ್ನ ಫೋನು ಎತ್ತದ ದಿನವೂ ಬರಬಹುದಷ್ಟೆ.

1986ರ ಸಂಚಿಕೆಯಲ್ಲಿ 23ರಿಂದ 26ರವರೆಗಿನ ಪುಟಗಳಿಲ್ಲ. ಯಾರಾದರೂ ಅಂದು ನಕಲು ಮಾಡಿಕೊಂಡಿದ್ದರೆ ದಯವಿಟ್ಟು ಶಾಲೆಗೆ ತಲುಪಿಸಿ. ಸ್ಕ್ಯಾನ್ ಮಾಡಿದ ದಿನವೇ ಹಿಂತಿರುಗಿಸುತ್ತೇವೆ.