ತಮ್ಮ ಬುದ್ಧಿವಂತ, ಅಮ್ಮ ಕೌನ್ಸೆಲರ್... ಮತ್ತೆ ನಾನು?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಗಣಿತದ ಹೋಂವರ್ಕನ್ನು ಮೂರನೇ ಕ್ಲಾಸಿನ ತಮ್ಮ ಮಾಡಿಕೊಡುತ್ತಿದ್ದ. ಅದೂ ಊಟಕ್ಕೆ ಕೂತಲ್ಲೇ, ಬಾಯಲ್ಲೇ. ಮನೆಗೆ ಬಂದವರೆಲ್ಲ ಅವನಿಗೊಂದು ಲೆಕ್ಕ ಕೊಡೋರು. ಉತ್ತರ ಬಂದ ತಕ್ಷಣ ನನ್ನ ಕಡೆ ತಿರುಗಿ, 'ನೀನೂ ಸ್ವಲ್ಪ ತಮ್ಮನ ಹತ್ರ ಹೇಳಿಸ್ಕೋ ಪುಟ್ಟಿ' ಅನ್ನೋರು. ನಾನು ನಗ್ತಿದ್ದೆ. ಬೇರೇನು ಮಾಡೋದು?

ಹೊರಗಿನವರಿಗೆ ಕಾಣುತ್ತಿದ್ದದ್ದು ಅಷ್ಟೇ. ಅಂಗಿಯ ಲೇಬಲ್ ಚುಚ್ಚುತ್ತೆ ಅಂತ ತಮ್ಮ ಅರ್ಧ ಗಂಟೆ ಅಳುತ್ತಿದ್ದ. ಚೆಸ್‌ನಲ್ಲಿ ಸೋತರೆ ಬೋರ್ಡೇ ಹಾರುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಎದ್ದು, 'ಸೂರ್ಯ ಆರಿಹೋದ್ರೆ ನಾವೇನು ಮಾಡೋದು' ಅಂತ ಅಮ್ಮನ ಸೆರಗು ಹಿಡಿಯುತ್ತಿದ್ದ. ಶಾಲೆಯಿಂದ ಬರುತ್ತಿದ್ದ ದೂರು ಒಂದೇ: ನೋಟ್ಸ್ ಬರೆಯಲ್ಲ, ಕಿಟಕಿ ನೋಡ್ತಾನೆ. ಅಮ್ಮನ ಇಡೀ ದಿನ ಅವನ ಹಿಂದೆಯೇ ಹೋಗುತ್ತಿತ್ತು. 'ನೀನೇ ಅವನನ್ನ ಹಾಳು ಮಾಡ್ತಿದೀಯ' ಅಂತ ಅಪ್ಪ. ಅಜ್ಜಿ ಮಾತ್ರ ಪ್ರತಿ ಮಂಗಳವಾರ ದೃಷ್ಟಿ ತೆಗೆಯೋರು.

ಕೊನೆಗೆ ಮಕ್ಕಳ ಡಾಕ್ಟರು ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ಅವರು 'ಮನೆಯವರೆಲ್ಲ ಬನ್ನಿ' ಅಂದರು. ಐದೂ ಜನ ಹೋದೆವು. ನಾನು ಮೂಲೆ ಕುರ್ಚಿಯಲ್ಲಿ ಕೂತೆ. ಮುಕ್ಕಾಲು ಗಂಟೆ ತಮ್ಮನ ವಿಷಯವೇ. ಆಮೇಲೆ ಅವರು ನನ್ನ ಕಡೆ ನೋಡಿ, 'ನಿನಗೆ ಮನೇಲಿ ಹೇಗನ್ನಿಸುತ್ತಮ್ಮ?' ಅಂತ ಕೇಳಿದರು.

'ನಾನು ಒಂದು ವಾರ ಇಲ್ದಿದ್ರೂ ಯಾರಿಗೂ ಗೊತ್ತಾಗಲ್ಲ' ಅಂದೆ.

ಅಳಲಿಲ್ಲ, ಸಿಟ್ಟೂ ಇರಲಿಲ್ಲ. ಹೋಂವರ್ಕ್ ಮುಗೀತು ಅನ್ನೋ ಥರ ಹೇಳಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿ ಕಡೆ ಮುಖ ಮಾಡಿ ಕೂತವಳು ಮನೆ ಸ್ಟಾಪ್ ಬರುವವರೆಗೂ ತಿರುಗಲಿಲ್ಲ.

ಕೌನ್ಸೆಲರ್ ಹೇಳಿದ್ದು ಇಷ್ಟು: ಇಂಥ ಮಕ್ಕಳ ಬುದ್ಧಿ ವಯಸ್ಸಿಗಿಂತ ಮುಂದೆ ಓಡುತ್ತೆ, ಮನಸ್ಸು ಮಾತ್ರ ವಯಸ್ಸಿನ ಜೊತೆಗೇ ನಡೆಯುತ್ತೆ. ಸೂರ್ಯ ಆರುತ್ತಾನೆ ಅಂತ ತಿಳಿಯೋ ತಲೆ ಇದೆ, ಆ ಭಯ ತಡೆಯೋ ಶಕ್ತಿ ಇನ್ನೂ ಬಂದಿಲ್ಲ. ಆದರೆ ಇಡೀ ಮನೆ ಅವನೊಬ್ಬನ ಸುತ್ತ ತಿರುಗಿದರೆ ಅವನಿಗೂ ಭಾರ, ಉಳಿದವರಿಗೂ ಭಾರ.

ಮನೆಯಲ್ಲಿ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ಭಾನುವಾರ ಮಧ್ಯಾಹ್ನ ಅಪ್ಪ ತಮ್ಮನನ್ನು ಲೈಬ್ರರಿಗೆ ಕರೆದುಕೊಂಡು ಹೋಗತೊಡಗಿದರು. ಆ ಎರಡು ಗಂಟೆ ಅಮ್ಮ ನನ್ನವಳು. ಸುಮ್ಮನೆ ತಲೆಗೆ ಎಣ್ಣೆ ಹಚ್ಚೋಳು.

ನಿಧಾನಕ್ಕೆ ಬೇರೆ ತಾಯಂದಿರು ಅಮ್ಮನ ಹತ್ತಿರ ಬರಲು ಶುರುವಾದರು. 'ನಮ್ಮ ಹುಡುಗನೂ ಹೀಗೇ ಕಣ್ರೀ' ಅಂತ. ಅಮ್ಮ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದಳು, ಆದರೆ ಸಲಹೆ ಕೊಡೋಕೆ ಹೆದರುತ್ತಿದ್ದಳು. 'ಒಂದು ಮಗು ಸಾಕಿದ್ದೀನಿ ಅಂತ ಎಲ್ಲ ಮಕ್ಕಳೂ ಗೊತ್ತು ಅನ್ನೋಕಾಗುತ್ತಾ?' ನಲವತ್ತೆರಡನೇ ವಯಸ್ಸಿಗೆ ಇಗ್ನೋದಲ್ಲಿ ಕೌನ್ಸೆಲಿಂಗ್ ಮತ್ತು ಫ್ಯಾಮಿಲಿ ಥೆರಪಿ ಎಂಎಸ್ಸಿಗೆ ಸೇರಿದಳು. ನಾನಾಗ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದೆ. ನನ್ನ ಇಂಟರ್ನಲ್ಸ್, ಅವಳ ಅಸೈನ್‌ಮೆಂಟ್, ಒಟ್ಟಿಗೇ ನಡೆಯುತ್ತಿದ್ದವು. ಎರಡು ವರ್ಷದ ಕೋರ್ಸು ನಾಲ್ಕು ವರ್ಷ ಹಿಡಿಯಿತು.

ಒಂದು ರಜೆಯಲ್ಲಿ 'ಇದನ್ನ ಕಂಪ್ಯೂಟರಲ್ಲಿ ಬರೆದುಕೊಡು' ಅಂತ ಒಂದು ಹಾಳೆ ಕೊಟ್ಟಳು. ಜಿನೋಗ್ರಾಮ್. ಮೂರು ತಲೆಮಾರಿನ ಮನೆಯ ನಕ್ಷೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಜಗಳಕ್ಕೆ ಅಂಕುಡೊಂಕು ಗೆರೆ, ಅತಿಯಾದ ಅಂಟಿಗೆ ಮೂರು ಗೆರೆ, ದೂರಕ್ಕೆ ಚುಕ್ಕೆ ಗೆರೆ. ಅದು ನಮ್ಮದೇ ಮನೆ. ಅಮ್ಮ–ಅಪ್ಪನ ಮಧ್ಯೆ ಅಂಕುಡೊಂಕು. ಅಮ್ಮ–ತಮ್ಮನ ಮಧ್ಯೆ ಮೂರು ಗೆರೆ. ಅಮ್ಮನಿಂದ ನನಗೆ ಚುಕ್ಕೆ ಗೆರೆ, ಪಕ್ಕದಲ್ಲಿ ಸಣ್ಣದಾಗಿ '2006ರವರೆಗೆ' ಅಂತ ಬರೆದಿದ್ದಳು.

ನಾನೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗೆರೆ ನೇರ ಬರುವ ಹಾಗೆ ಬರೆದುಕೊಟ್ಟೆ.

ಅಮೆರಿಕದ ಮನೋವೈದ್ಯ ಮರ್ರೇ ಬೋವೆನ್ ಇಡೀ ಕುಟುಂಬವನ್ನೇ ಒಂದು ಭಾವನಾತ್ಮಕ ಘಟಕ ಅಂತ ನೋಡಿದವರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎರರ್ ಒಂದು ಸರ್ವಿಸ್‌ನಲ್ಲಿ ಕಾಣಿಸುತ್ತೆ, ಕಾರಣ ಇನ್ನೆಲ್ಲೋ ಇರುತ್ತೆ. ಅದೊಂದರ ಲಾಗ್ ಎಷ್ಟು ಓದಿದರೂ ಬಗ್ ಸಿಗಲ್ಲ. ಇದನ್ನ ಅಮ್ಮನಿಗೆ ಹೇಳಿದಾಗ, 'ಮನುಷ್ಯರಿಗೆ ರೀಸ್ಟಾರ್ಟ್ ಇಲ್ಲ ಕಣೇ' ಅಂದಳು.

ಈಗ ಅಮ್ಮ ವಾರಕ್ಕೆ ನಾಲ್ಕು ದಿನ ಕುಟುಂಬಗಳನ್ನ ನೋಡ್ತಾಳೆ. ತನ್ನ ಕೈ ಮೀರಿದ್ದು ಅನ್ನಿಸಿದರೆ ಮನೋವೈದ್ಯರ ಹತ್ತಿರವೋ, ಕುಟುಂಬ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇರುವ ನಿಮ್ಹಾನ್ಸ್‌ಗೋ ಕಳಿಸ್ತಾಳೆ. ಒಳಗಿನ ಮಾತು ಹೊರಗೆ ಹೇಳಲ್ಲ. ಒಂದೇ ಒಂದು ಸಲ, ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸ್ತಾ ಹೇಳಿದ್ದಳು: 'ಯಾರೇ ಬರಲಿ, ನಾನು ಮೂಲೆ ಕುರ್ಚಿಯಲ್ಲಿ ಕೂತವರನ್ನ ಮೊದಲು ಮಾತಾಡಿಸ್ತೀನಿ.'

ತಮ್ಮ ಈಗ ಕಾಲೇಜಿನಲ್ಲಿ ಗಣಿತ ಹೇಳಿಕೊಡ್ತಾನೆ. ಲೇಬಲ್ ಕತ್ತರಿಸಿದ ಅಂಗಿಯನ್ನೇ ಹಾಕೋದು. ನಾವಿಬ್ಬರೂ ಚೆನ್ನಾಗಿದ್ದೀವಿ. ಆ ಚುಕ್ಕೆ ಗೆರೆ ಪೂರ್ತಿ ಕೂಡಿಕೊಂಡಿತಾ? ಹೌದು ಅಂದರೆ ಸುಳ್ಳಾಗುತ್ತೆ. ಮನೆಯಲ್ಲಿ ಯಾರಾದರೂ ಅವನನ್ನ ಹೊಗಳಿದರೆ ನನ್ನ ಕೈ ಇವತ್ತಿಗೂ ಫೋನ್ ಹುಡುಕುತ್ತೆ.

ನಿಮ್ಮ ಮನೆಯಲ್ಲೂ ಒಂದು ಜಾಣ ಮಗು ಇರಬಹುದು. ಇರಲಿ, ಸಂತೋಷ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಮಗುವನ್ನ ಒಂದು ಮಾತು ಕೇಳಿ. ಮಾರ್ಕ್ಸ್ ಬಗ್ಗೆ ಅಲ್ಲ. 'ಹೇಗಿದ್ದೀಯ?' ಅಂತ.