ದನಿಗೆ ತಕ್ಕ ತಂತಿ

ಪುಣೆಯ ಮಾರ್ಕೆಟ್ ಯಾರ್ಡಿನ ನಮ್ಮ ಮನೆಯಲ್ಲಿ ಕನ್ನಡ ಹೆಚ್ಚಾಗಿ ಉಳಿದಿರುವುದು ಹಾಡಿನಲ್ಲಿ. ಮಗಳಿಗೆ ಶಾಲೆಯಲ್ಲಿ ಇಂಗ್ಲಿಷು, ಗೆಳತಿಯರೊಡನೆ ಮರಾಠಿ. ಅಜ್ಜಿಯ ಪಕ್ಕದಲ್ಲಿ ಕುಳಿತಾಗ ಭಾವಗೀತೆ. ಹದಿಮೂರು ತುಂಬಿದ ಅವಳು ಆ ಗೀತೆಗಳಿಗೆ ಜೊತೆಯಾಗಿ ಗಿಟಾರ್ ಬೇಕೆಂದಾಗ, ಅದು ನನಗೆ ಬರಿಯ ಖರೀದಿಯ ಮಾತಾಗಿ ತೋರಲಿಲ್ಲ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಡ್ರೆಡ್‌ನಾಟ್. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ರೂಪಿಸಿದ ಈ ಆಕಾರಕ್ಕೆ ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರು. ಅಗಲವಾದ ಸೊಂಟ, ಆಳವಾದ ಒಡಲು, ತುಂಬು ಮಂದ್ರ. ಎಲ್ಲ ತಂತಿಗಳನ್ನೂ ಒಮ್ಮೆಲೇ ಮೀಟಿ ಗುಂಪಿನಲ್ಲಿ ಹಾಡುವವರಿಗೆ ಅದು ಒಪ್ಪುತ್ತದೆ. ಸೊಂಟ ಕಿರಿದಾದ ಆರ್ಕೆಸ್ಟ್ರಾ ಮಾದರಿ ಅಷ್ಟು ಗರ್ಜಿಸುವುದಿಲ್ಲ. ಬೆರಳಿನಿಂದ ಬಿಡಿಬಿಡಿಯಾಗಿ ಮೀಟಿದರೆ ಒಂದೊಂದು ಸ್ವರವೂ ತಿಳಿಯಾಗಿ ಕೇಳುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಮೃದು, ಆದರೆ ಅದರ ಕತ್ತು ಪುಟ್ಟ ಅಂಗೈಗೆ ಅಗಲ.

ಇನ್ನು ತಂತಿ. ಉದ್ದವೂ ಶ್ರುತಿಯೂ ಒಂದೇ ಆಗಿದ್ದರೆ, ದಪ್ಪ ತಂತಿಗೆ ಹೆಚ್ಚು ಬಿಗಿತ ಬೇಕು. ನಾದ ತುಂಬಿಬರುತ್ತದೆ, ಬೆರಳು ನೋಯುತ್ತದೆ. ಮೊದಲ ತಂತಿ 0.012 ಇಂಚಿನದಾದರೆ ‘ಲೈಟ್’, 0.010 ಆದರೆ ‘ಎಕ್ಸ್‌ಟ್ರಾ ಲೈಟ್’. ಎರಡು ಸಾವಿರಾಂಶದ ಈ ಅಂತರವನ್ನು ಕಣ್ಣು ಕಾಣದು, ಎಳೆಯ ಬೆರಳ ತುದಿ ಬಲ್ಲದು.

ಈ ಲೆಕ್ಕ ನಮ್ಮ ಮನೆಗೆ ಹೊಸದಲ್ಲ. ಮೂಲೆಯಲ್ಲಿ ಅವ್ವನ ಮಿರಜಿನ ತಂಬೂರಿ ಇದೆ. ನಮ್ಮ ಪೇಟೆಗೆ ಬರುವುದು ಪಲ್ಯದ ಎಳೆ ಸೋರೆ. ಪಂಢರಪುರದ ಕಡೆ ಬೆಳೆದು, ಬಲಿತು ಒಣಗಿದ ಬುರುಡೆ ಮಿರಜಿಗೆ ಹೋಗಿ ತಂಬೂರಿಯಾಗುತ್ತದೆ. ಅಲ್ಲಿ ಗಂಡಸರದು, ಹೆಂಗಸರದು ಎಂದು ತಂಬೂರಿಯಲ್ಲಿ ಎರಡು ಬಗೆ: ಮೊದಲನೆಯದಕ್ಕೆ ದೊಡ್ಡ ಬುರುಡೆ, ದಪ್ಪ ತಂತಿ, ಎರಡನೆಯದಕ್ಕೆ ಸಣ್ಣ ಬುರುಡೆ, ತೆಳು ತಂತಿ. ಹೆಸರು ಹಾಗಿದ್ದರೂ ಅದು ನಿಜಕ್ಕೂ ಶ್ರುತಿಯ ವಿಂಗಡಣೆ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠವನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವ್ವನ ದನಿ ವಯಸ್ಸಿನೊಂದಿಗೆ ಕಪ್ಪು ಐದರಿಂದ ಬಿಳಿ ಐದಕ್ಕೆ ಇಳಿಯಿತು. ಹಳೆಯ ತೆಳು ತಂತಿಗಳನ್ನು ಅಷ್ಟು ಇಳಿಸಿದಾಗ ಅವು ಸಡಿಲಗೊಂಡು ಜವಾರಿ ಸತ್ತುಹೋಯಿತು. ದಪ್ಪ ತಂತಿ ಹಾಕಿಸಿ, ಜವಾರಿಯನ್ನು ಹೊಸದಾಗಿ ತೆಗೆಸಿದ ಮೇಲೆ ತಂಬೂರಿ ಮತ್ತೆ ಅವರೊಡನೆ ನಿಂತಿತು. ಇಳಿದ ದನಿಯ ಬಗ್ಗೆ ಅವ್ವ ಒಮ್ಮೆಯೂ ಮರುಗಲಿಲ್ಲ.

ಅಂಗಡಿಯಲ್ಲಿ ಮೊಮ್ಮಗಳು ಡ್ರೆಡ್‌ನಾಟನ್ನು ಅಪ್ಪಿ ಹಿಡಿದಾಗ ಅವ್ವ ಅಂದರು: “ಪೆಟ್ಟಿಗಿ ಒದರತದವಾ, ನಿನ್ನ ಮಾತು ಕೇಳಸೂದುಲ್ಲ.” ಕೊನೆಗೆ ಬಂದದ್ದು ಸಣ್ಣ ಒಡಲಿನ ಗಿಟಾರ್, 0.010ರ ತಂತಿ. ಜೋರಾಗಿ ಮೀಟಿದರೆ ತುಸು ಗರಗರ ಎನ್ನುತ್ತದೆ, ಮಂದ್ರವೂ ತೆಳು. ಬೆರಳು ಗಟ್ಟಿಯಾದ ಮೇಲೆ 0.012ಕ್ಕೆ ಏರಬಹುದು.

ಮರಾಠಿಯಲ್ಲಿ ‘ಎ’, ‘ಒ’ಗಳಿಗೆ ಹ್ರಸ್ವ–ದೀರ್ಘಗಳ ಭೇದವಿಲ್ಲ, ಮಗಳ ಬಾಯಲ್ಲಿ ‘ಕೊಡು’ ಆಗಾಗ ‘ಕೋಡು’ ಆಗುತ್ತದೆ. ಸಣ್ಣ ಗಿಟಾರಿನ ಹಿಂದೆ ಅದು ಅಡಗುವುದಿಲ್ಲ. ಅವ್ವ ಅಲ್ಲಿಯೇ ತಡೆದು ತಿದ್ದುತ್ತಾರೆ; ಅವಳು ಮತ್ತೆ ಹಾಡುತ್ತಾಳೆ.